ಮಾವನ ವಾಲ್ವ್ ಸೆಟ್ಟು

ನಮ್ಮ ದಬ್ಬೇಘಟ್ಟದ ಕಡೆ ಕರೆಂಟು ಬಂತು ಅಂದರೆ ಸಾಲದು, ಎಷ್ಟು ಬಂತು ಅನ್ನುವುದೂ ಗೊತ್ತಾಗಬೇಕು. ತ್ರೀ ಫೇಸ್ ಬಂದ ಕೂಡಲೇ ತೋಟತೋಟದಲ್ಲೂ ಆಟೋ ಸ್ಟಾರ್ಟರುಗಳು ಕಟಕ್ಕನೆ ಹಿಡಿಯುತ್ತವೆ, ಮೋಟರುಗಳು ಒಂದರ ಹಿಂದೊಂದು ಓಡತೊಡಗುತ್ತವೆ, ಮನೆಯ ಫ್ಯಾನು ಸೋಲುತ್ತದೆ. ವೋಲ್ಟೇಜು ಬಿದ್ದದ್ದನ್ನು ಉಳಿದವರು ಫ್ಯಾನು ನೋಡಿ ತಿಳಿಯುತ್ತಾರೆ. ನನಗೆ ಹೆಡ್‌ಫೋನಿನಲ್ಲೇ ತಿಳಿಯುತ್ತದೆ. ವೀಣೆ ಮೀಟಿದಾಗಿನ ಮೊದಲ ಏಟು ಮೊಂಡಾಗುತ್ತದೆ, ಕೆಳಗಿನ ಸ್ವರಗಳು ಸಡಿಲವಾಗುತ್ತವೆ. ಆಗ ಮೇಜಿನ ಕಡೆ ನೋಡಿದರೆ ನಾಲ್ಕು ವಾಲ್ವುಗಳ ಒಳಗಿನ ಕೆಂಪು ಮಂಕಾಗಿರುತ್ತದೆ.

ಹೆಡ್‌ಫೋನಿಗೆ ಹಾಡು ದಾಟಿಸುವ ಈ ವಾಲ್ವು ಆಂಪ್ಲಿಫೈಯರು ಸೆಟ್ಟು ನನ್ನ ಸೋದರಮಾವ ಕೈಯಾರೆ ಕಟ್ಟಿಕೊಟ್ಟದ್ದು. ಅಲ್ಯೂಮಿನಿಯಂ ತಗಡಿನ ಚಾಸಿ, ಎರಡು ಪಕ್ಕಕ್ಕೂ ನಮ್ಮ ಹಿತ್ತಲಿನ ಹಲಸಿನ ಹಲಗೆ, ಹಿಂಭಾಗದಲ್ಲಿ ಮೂರು ಟ್ರಾನ್ಸ್‌ಫಾರ್ಮರು, ಮುಂದೆ ವಾಲ್ವುಗಳ ಪೈಕಿ ಒಂದು ಇಸಿಸಿ 83, ಎರಡು ಇಎಲ್ 84, ಮೂಲೆಯಲ್ಲಿ ಎಸಿಯನ್ನು ಡಿಸಿ ಮಾಡುವ ಇಜೆಡ್ 81. ಸ್ಪೀಕರು ಸಿಕ್ಕಿಸಲು ಇದರಲ್ಲಿ ಜಾಗವೇ ಇಲ್ಲ. ನಮ್ಮದು ಒಟ್ಟು ಕುಟುಂಬ. ಮಕ್ಕಳು ಓದಬೇಕು, ಅಮ್ಮ ಬೇಗ ಮಲಗಬೇಕು. ರಾತ್ರಿ ಪಾಳಿಯ ತ್ರೀ ಫೇಸ್ ಕಾಯುತ್ತಾ ತೋಟಕ್ಕೆ ನೀರು ಬಿಡಲು ಎದ್ದಿರುವವನು ನಾನೊಬ್ಬನೇ. "ನಿಂಗೆ ಕಿವಿಗೆ ಹಾಕ್ಕೊಂಡು ಕೇಳೋದು ಮಾಡ್ಕೊಡ್ತೀನಿ ಬಿಡೋ" ಅಂದರು ಮಾವ. ತಳದ ತಗಡು ಬಿಚ್ಚಿದರೆ ಒಳಗೆ ಸರ್ಕ್ಯೂಟ್ ಬೋರ್ಡು ಅನ್ನುವುದಿಲ್ಲ. ಟ್ಯಾಗ್ ಸ್ಟ್ರಿಪ್ಪಿನಿಂದ ಸಾಕೆಟ್ಟಿಗೆ, ಸಾಕೆಟ್ಟಿನಿಂದ ಕಂಡೆನ್ಸರಿಗೆ ನೇರವಾಗಿ ಬೆಸುಗೆ. ವಾಲ್ವನ್ನು ಒಳಗಿನಿಂದ ಕಾಯಿಸುವ ಹೀಟರಿಗೆ ಹೋಗುವ ಎರಡು ತಂತಿಗಳನ್ನು ಒತ್ತೊತ್ತಾಗಿ ಹೊಸೆದು ಚಾಸಿಯ ಮೂಲೆಗೆ ಒತ್ತಿ ಒಯ್ದಿದ್ದಾರೆ. ತಗಡಿನ ಒಳಮೈಗೆ ಅಂಟಿಸಿದ ಹಾಳೆಯಲ್ಲಿ ಇಡೀ ಸರ್ಕ್ಯೂಟು ಇದೆ, ಒಂದೊಂದು ಜಾಗದಲ್ಲೂ ಎಷ್ಟು ವೋಲ್ಟು ಇರಬೇಕು ಎಂದು ಪೆನ್ಸಿಲ್ಲಿನಲ್ಲಿ ಬರೆದಿದೆ.

ಮಾವ ಜಾಲಹಳ್ಳಿಯ ಬಿಇಎಲ್‌ನಲ್ಲಿ ವಾಲ್ವು ವಿಭಾಗದಲ್ಲಿ ದುಡಿದವರು. ಆ ಕಾರ್ಖಾನೆ ಹುಟ್ಟಿದ್ದು 1954ರಲ್ಲಿ, ರೇಡಿಯೋ ವಾಲ್ವುಗಳನ್ನು ಮಾಡತೊಡಗಿದ್ದು 1961ರಲ್ಲಿ. ಮರುವರ್ಷವೇ ಅದೇ ಆವರಣದಲ್ಲಿ ಜರ್ಮೇನಿಯಂ ಸೆಮಿಕಂಡಕ್ಟರುಗಳ ತಯಾರಿಕೆಯೂ ಶುರುವಾಯಿತು. ಒಂದು ಕೈಯಲ್ಲಿ ವಾಲ್ವು, ಇನ್ನೊಂದು ಕೈಯಲ್ಲಿ ಅದನ್ನು ಮೂಲೆಗೆ ಸರಿಸುವ ವಸ್ತು, ಎರಡನ್ನೂ ಒಂದೇ ಊರಿನ ಜನ ಮಾಡುತ್ತಿದ್ದರು. ಮೈಸೂರು ಸೀಮೆಗೆ ವಾಲ್ವು ಅದಕ್ಕೂ ಮೊದಲೇ ಬಂದಿತ್ತು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಿಂದ ಬಾನುಲಿ ಶುರು ಮಾಡಿದಾಗ ಹೊರಟ ದನಿಯೂ ವಾಲ್ವಿನಿಂದಲೇ ಹೊರಟಿತ್ತು, ಕೇಳಿದವರ ಪೆಟ್ಟಿಗೆಯಲ್ಲೂ ವಾಲ್ವೇ ಉರಿಯುತ್ತಿತ್ತು. ಆದರೆ ಅವು ಸಮುದ್ರ ದಾಟಿ ಬಂದವು. ಗಾಜಿನ ಮೇಲೆ ಬಿಇಎಲ್ ಎಂದು ಅಚ್ಚಾದ ಇಎಲ್ 84 ಕೈಗೆ ಸಿಕ್ಕಿದಾಗ ನಾನು ಅದನ್ನು ಬೇರೆಯದೇ ಗೌರವದಿಂದ ಹಿಡಿದುಕೊಳ್ಳುತ್ತೇನೆ. ಇವತ್ತು ಹೊಸ ವಾಲ್ವು ಬೇಕೆಂದರೆ ಸ್ಲೊವಾಕಿಯಾ, ರಷ್ಯಾ, ಚೀನಾಗಳಿಂದ ಬರಬೇಕು. ಅವೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೂ ತುರುವೇಕೆರೆ, ತಿಪಟೂರುಗಳ ಗುಜರಿ ಅಂಗಡಿಗಳಲ್ಲಿ ಹಳೇ ರೇಡಿಯೋ ಬಿದ್ದಿದ್ದರೆ ನಾನು ಹಿಂಬದಿಯ ರಟ್ಟು ಸರಿಸಿ ನೋಡದೆ ಮುಂದೆ ಹೋಗುವುದಿಲ್ಲ.

ವಾಲ್ವಿನ ಒಳಗೆ ಏನೂ ಇರಬಾರದು. ಬಿಸಿಯಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಗ್ರಿಡ್ಡಿನ ಸಂದಿಗಳಲ್ಲಿ ನುಸುಳಿ ಆನೋಡು ಸೇರಬೇಕು, ನಡುದಾರಿಯಲ್ಲಿ ಗಾಳಿ ಅಡ್ಡ ಬಂದರೆ ಕೆಟ್ಟಿತು. ಪಂಪಿನಿಂದ ಗಾಳಿಯನ್ನೆಲ್ಲ ಎಳೆದ ಮೇಲೂ ಚೂರುಪಾರು ಉಳಿಯುತ್ತದೆ. ಅದನ್ನು ಹಿಡಿಯಲು ಗಾಜಿನೊಳಗೆ ಬೇರಿಯಂ ಕಾಯಿಸಿ ಆವಿ ಮಾಡಿ ತಲೆಯ ಭಾಗಕ್ಕೆ ಬೆಳ್ಳಿ ಬಣ್ಣದ ಲೇಪ ಕೂರಿಸುತ್ತಾರೆ. ಗೆಟರ್ ಎನ್ನುವುದು ಅದನ್ನೇ. ಆ ಲೇಪ ಹಾಲುಬಿಳುಪಿಗೆ ತಿರುಗಿತೆಂದರೆ ಗಾಜು ಎಲ್ಲೋ ಬಿರುಕು ಬಿಟ್ಟಿದೆ, ಆ ವಾಲ್ವಿನ ಕಥೆ ಮುಗಿಯಿತು. ಮಾವ ಮಾಡುತ್ತಿದ್ದದ್ದು ಇದೇ ಗಾಳಿ ತೆಗೆಯುವ ಕೆಲಸ. ಇಲ್ಲಿ ನಮ್ಮ ತೆಂಗಿನ ಸೀಮೆಗೆ ಸೇರಬೇಕಾದ ಒಂದು ಸಂಗತಿ ಇದೆ. ಲಂಡನ್ನಿನಲ್ಲಿ ಫ್ಲೆಮಿಂಗ್ ತನ್ನ ಮೊದಲ ವಾಲ್ವಿಗೆ ಪೇಟೆಂಟು ಕೋರಿದ್ದು 1904ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ಊರಿನಲ್ಲಿ ಜೇಮ್ಸ್ ಡ್ಯೂವರ್ ಎಂಬ ವಿಜ್ಞಾನಿ ತೆಂಗಿನ ಚಿಪ್ಪಿನ ಇದ್ದಿಲನ್ನು ದ್ರವಗಾಳಿಯ ಚಳಿಗೆ ಇಳಿಸಿ, ಅದು ಪಾತ್ರೆಯಲ್ಲಿ ಉಳಿದ ಗಾಳಿಯನ್ನು ಹೀರಿ ಆಳವಾದ ನಿರ್ವಾತ ಉಂಟುಮಾಡುವುದನ್ನು ತೋರಿಸುತ್ತಿದ್ದ. ಕೊಬ್ಬರಿ ಸುಲಿದ ಚಿಪ್ಪು ಮೂಟೆಗಟ್ಟಲೆ ಇದ್ದಿಲು ಸುಡುವವರ ಕಡೆ ಹೋಗುವುದನ್ನು ನೋಡುತ್ತಲೇ ಬೆಳೆದವನು ನಾನು. ಇದನ್ನು ಓದಿದ ದಿನ ಮಾವನಿಗೆ ಫೋನು ಮಾಡಿ ಹೇಳಿದೆ. "ನಂಗೊತ್ತು ಕಣೋ, ಟ್ರೈನಿಂಗಲ್ಲೇ ಹೇಳಿದ್ರು" ಅಂದರು.

ಹೆಡ್‌ಫೋನಿಗೆ ವಾಲ್ವು ಕಟ್ಟುವುದರಲ್ಲಿ ಇರುವ ನಿಜವಾದ ಕಷ್ಟ ಗುಂಯ್‌ಗುಡುವಿಕೆ. ಸ್ಪೀಕರಿನಲ್ಲಾದರೆ ಅಷ್ಟು ದೂರದಿಂದ ಬರುವ ಸಣ್ಣ ಗುಂಯ್ ಮನೆಯ ಗದ್ದಲದಲ್ಲಿ ಕಳೆದುಹೋಗುತ್ತದೆ. ಹೆಡ್‌ಫೋನು ಕಿವಿಗೆ ಅಂಟಿಯೇ ಕೂತಿರುತ್ತದೆ, ಅದಕ್ಕೆ ಬೇಕಾದ ಶಕ್ತಿಯೂ ಕೆಲವೇ ಮಿಲಿವ್ಯಾಟು. ಹಾಗಾಗಿ ಒಂದಿಷ್ಟು ಕಸವೂ ಕೇಳಿಸುತ್ತದೆ. ಈ ಗುಂಯ್ ಎರಡು ಬಗೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ತಿರುಗುತ್ತದೆ. ಹೀಟರು ತಂತಿಯಿಂದಲೋ ಸರಿಯಿಲ್ಲದ ಅರ್ಥಿಂಗಿನಿಂದಲೋ ನುಗ್ಗುವುದು ಆ 50. ಎಸಿಯ ಎರಡೂ ಮಗ್ಗುಲನ್ನು ಡಿಸಿಗೆ ಮಡಚಿದ ಮೇಲೆ ಉಳಿಯುವ ಅಲೆ 100. ಫಿಲ್ಟರ್ ಕಂಡೆನ್ಸರು ಒಳಗೆ ಒಣಗಿ ಕೈಬಿಟ್ಟಾಗ ಕೇಳುವುದು ಅದು. ಸಂಗೀತದ ಲೆಕ್ಕದಲ್ಲಿ ಇವೆರಡರ ನಡುವೆ ಸರಿಯಾಗಿ ಒಂದು ಸ್ಥಾಯಿಯ ಅಂತರ. ಹಾಗಾಗಿ ಕೇಳಲು ಒಂದೇ ಥರ ಅನ್ನಿಸುತ್ತವೆ, ಗುರುತು ಹಿಡಿಯದೆ ಕೈಹಾಕಿದರೆ ಕೆಡದ ಭಾಗವನ್ನು ಬದಲಿಸುತ್ತಾ ಕೂರಬೇಕಾಗುತ್ತದೆ.

ಈ ಸದ್ದನ್ನು ಫೋನಿನಲ್ಲಿ ಮಾವನಿಗೆ ಕೇಳಿಸೋಣ ಎಂದರೆ ಆಗದು. ಅಷ್ಟು ತಗ್ಗಿನ ದನಿಯನ್ನು ಫೋನು ದಾಟಿಸುವುದಿಲ್ಲ. ಅದಕ್ಕೆ ಅವರೇ ಒಂದು ಉಪಾಯ ಹೇಳಿಕೊಟ್ಟರು. "ಅದರ ಜೊತೆ ಬಾಯಲ್ಲಿ ಹಾಡು ನೋಡೋಣ. ಗಂಟಲಿಗೆ ಸಿಕ್ಕಿತಾ? ಸಿಕ್ಕಿದ್ರೆ ನೂರು, ಫಿಲ್ಟರ್ ನೋಡು. ಎಷ್ಟು ಇಳಿದ್ರೂ ಸಿಗ್ಲಿಲ್ವಾ? ಅದು ಐವತ್ತು, ಅರ್ತ್ ನೋಡು, ಹೀಟರ್ ನೋಡು." ಗಂಡಸಿನ ಕಂಠ ತೀರಾ ತಗ್ಗಿಸಿದರೆ 100ರ ಹತ್ತಿರ ಹೋಗಿ ನಿಲ್ಲುತ್ತದೆ, 50 ಸಾಮಾನ್ಯವಾಗಿ ಯಾರಿಗೂ ಎಟುಕುವುದಿಲ್ಲ. ಮೀಟರು, ಸ್ಕೋಪು ಎಲ್ಲ ಇದ್ದವರಿಗೂ ಇದಕ್ಕಿಂತ ಚೊಕ್ಕ ಪರೀಕ್ಷೆ ಸಿಗಲಾರದು ಎಂದು ನಾನು ನಂಬಿದ್ದೇನೆ.

ಕಿವಿಯಿಂದ ಪರೀಕ್ಷೆ ಮಾಡುವುದು ನಮ್ಮವರಿಗೆ ಹೊಸದೇನಲ್ಲ. ಅಟ್ಟಕ್ಕೆ ಹಾಕಿದ ಕಾಯಿ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಒಳಗೆ ಏನಾಗುತ್ತಿದೆ ಎಂದು ಒಡೆದು ನೋಡುವ ಹಾಗಿಲ್ಲ, ಒಡೆದರೆ ಉಂಡೆ ಕೊಬ್ಬರಿ ಹೋಯಿತು. ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ನೀರು ಉಳಿದಿದ್ದರೆ ಕುಳಕ್ ಅನ್ನುತ್ತದೆ. ನೀರೆಲ್ಲ ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡಿದ್ದರೆ ಲೊಡಲೊಡ ಉರುಳುತ್ತದೆ. ನಡುವಿನ ಹಂತವೊಂದಿದೆ, ಅರ್ಧ ಬಿಟ್ಟು ಅರ್ಧ ಹಿಡಿದಿರುವುದು. ಅದರ ಸದ್ದು ಹಳಬರಿಗೆ ಮಾತ್ರ ಗೊತ್ತು. ನಮ್ಮಪ್ಪನಿಗೆ ಗೊತ್ತಿತ್ತು. ಕೆಟ್ಟ ಕಾಯನ್ನು ರಾಶಿಯಲ್ಲಿ ಎಸೆದಾಗ ಬೀಳುವ ಸದ್ದಿನಲ್ಲೇ ಹೇಳುತ್ತಿದ್ದರು. ವಾಲ್ವು ಸೆಟ್ಟು ಇಟ್ಟುಕೊಂಡ ಮೇಲೆ ನನಗೂ ಅಂಥದೊಂದು ಕಿವಿ ಬೆಳೆಯಿತು. ಸಾಕೆಟ್ಟಿನ ಪಿನ್ನುಗಳಿಗೆ ಕಿಲುಬು ಹಿಡಿದರೆ ಚರಚರ, ವಾಲ್ಯೂಮ್ ಕಂಟ್ರೋಲಿಗೆ ಧೂಳು ಹೊಕ್ಕರೆ ತಿರುಗಿಸಿದಾಗ ಮಾತ್ರ ಚರಚರ. ವಾಲ್ವಿನ ಒಳಗಿನ ಗ್ರಿಡ್ಡು ಸಡಿಲವಾಗಿದ್ದರೆ ಪೆನ್ಸಿಲ್ಲಿನಿಂದ ಗಾಜಿಗೆ ಮೆಲ್ಲನೆ ತಟ್ಟಿದಾಗ ಹೆಡ್‌ಫೋನಿನಲ್ಲಿ ಟಿಂಣ್ ಎಂದು ಅನುರಣಿಸುತ್ತದೆ. ಈ ಸದ್ದುಗಳನ್ನು ಒಂದೊಂದಾಗಿ ಕಳೆಯುತ್ತಾ ಹೋದಾಗಲೇ ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಬೆರಳು ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಾರುವಾಗಿನ ಉಜ್ಜು ನನಗೆ ಕೇಳಿಸತೊಡಗಿದ್ದು. ಅದು ಧ್ವನಿಮುದ್ರಣದಲ್ಲಿ ಮೊದಲಿನಿಂದಲೂ ಇತ್ತು. ಕಸ ಹುಡುಕುವ ಅಭ್ಯಾಸವಾದ ಕಿವಿಗೆ ಕಾಳೂ ಕಾಣತೊಡಗಿತು.

ಈ ವಾಲ್ವುಗಳ ಹೀಟರಿಗೆ 6.3 ವೋಲ್ಟು ಬೇಕು, ಹತ್ತು ಪರ್ಸೆಂಟು ಆಚೀಚೆ ತಡೆಯುತ್ತದೆ. ಲೈನು 230 ಇದ್ದಾಗ ಈ ಲೆಕ್ಕ ಸರಿ. ಮೋಟರುಗಳೆಲ್ಲ ಓಡುವಾಗ 180ಕ್ಕೆ ಇಳಿದರೆ ಹೀಟರಿಗೆ 4.9 ಮಾತ್ರ, ಕ್ಯಾಥೋಡು ಸಾಕಷ್ಟು ಕಾಯದೆಯೇ ದುಡಿಯಬೇಕಾಗುತ್ತದೆ. ಎಲ್ಲರೂ ಒಟ್ಟಿಗೆ ಮೋಟರು ನಿಲ್ಲಿಸಿದಾಗ 260ಕ್ಕೆ ಏರಿದರೆ 7.1, ಆಗ ವಾಲ್ವಿನ ಆಯುಸ್ಸು ಕರಗುತ್ತದೆ. ಹಳೇ ರೇಡಿಯೋಗಳಲ್ಲಿ ಇದ್ದ ಹಾಗೆ ಟ್ರಾನ್ಸ್‌ಫಾರ್ಮರಿಗೆ ಬೇರೆಬೇರೆ ಟ್ಯಾಪು ಇಡಬಹುದಿತ್ತು, ಆದರೆ 180ರ ಟ್ಯಾಪಿಗೆ ಹಾಕಿ ಕೂತಾಗ ವೋಲ್ಟೇಜು ದಿಢೀರನೆ ಮೇಲೆದ್ದರೆ ಗತಿಯೇನು? ಸ್ಟೆಬಿಲೈಸರೇ ಸರಿ. ಫ್ರಿಜ್ಜಿಗೆ ಹಾಕುವ ರಿಲೇ ಸ್ಟೆಬಿಲೈಸರು ಮೆಟ್ಟಿಲು ಬದಲಿಸಿದಾಗಲೆಲ್ಲ ಕಿವಿಯಲ್ಲಿ ಟಕ್ ಅನ್ನುತ್ತದೆ, ಸರ್ವೋ ಬಗೆಯದು ಮೆತ್ತಗೆ ಹೊಂದಿಸಿಕೊಳ್ಳುತ್ತದೆ. ಅದರ ಕೈಗೂ ಸಿಗದಷ್ಟು ಇಳಿದ ರಾತ್ರಿ ಸೆಟ್ಟು ಆರಿಸಿ ತೋಟಕ್ಕೆ ಹೋಗುತ್ತೇನೆ, ಹೇಗೂ ನೀರು ತಿರುಗಿಸುವ ಹೊತ್ತಾಗಿರುತ್ತದೆ.

ಅರ್ಥಿಂಗಿಗೆ ಮಾತ್ರ ನಮ್ಮ ನೆಲ ಹೇಳಿ ಮಾಡಿಸಿದ್ದು. ಮನೆಯ ಹಿಂದಿನ ತೆಂಗಿನ ಮರದ ಪಾತಿಯ ಅಂಚಿನಲ್ಲಿ ಗುಂಡಿ ತೋಡಿ ಜಿಐ ಪೈಪು ನಿಲ್ಲಿಸಿ, ಸುತ್ತಲೂ ಚಿಪ್ಪಿನ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ತುಂಬಿಸಿದೆ. ಮರಕ್ಕೆ ಬಿಟ್ಟ ನೀರು ಅದಕ್ಕೂ ಹೋಗುತ್ತದೆ, ಗುಂಡಿ ಬೇಸಿಗೆಯಲ್ಲೂ ಒಣಗುವುದಿಲ್ಲ. ಅಂದಿನಿಂದ ಚಾಸಿ ಮುಟ್ಟಿದಾಗ ಜುಂ ಎನ್ನುತ್ತಿದ್ದದ್ದೂ ನಿಂತಿತು, ಗಂಟಲಿಗೆ ಸಿಗದ ಆ 50ರ ಗುಂಯ್ಯೂ ಬಹುಪಾಲು ಅಡಗಿತು.

ಒಂದು ಮಳೆಗಾಲದ ಕೊನೆಗೆ ಎಡಗಿವಿಯ ದನಿ ನಿಂತುಹೋಯಿತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ತಂತಿ ಒಳಗೆಲ್ಲೋ ತೇವ ಹೊಕ್ಕು ಹಸಿರು ಹಿಡಿದು ತುಂಡಾಗಿತ್ತು. ಮಾವನಿಗೆ ಕಣ್ಣು ಮಂದವಾಗಿದೆ, ಅವರು ಸುತ್ತಿಕೊಡಲಾರರು. ತುರುವೇಕೆರೆಯಲ್ಲಿ ಬೋರ್‌ವೆಲ್ ಮೋಟರು ರಿವೈಂಡಿಂಗ್ ಮಾಡುವ ಹುಡುಗನೊಬ್ಬನ ಅಂಗಡಿಗೆ ಒಯ್ದೆ. ನಮ್ಮ ತಾಲ್ಲೂಕುಗಳಲ್ಲಿ ತಾಮ್ರದ ತಂತಿ ಸುತ್ತಬಲ್ಲ ಕೈಗಳಿಗೆ ಬರವಿಲ್ಲ. ಕೊಳವೆಬಾವಿಗಳು ಆಳವಾದಷ್ಟೂ ಮೋಟರುಗಳು ಸುಡುತ್ತವೆ, ಅಂಗಡಿಗಳು ಹೆಚ್ಚುತ್ತವೆ. ಅವನು 38 ಗೇಜಿನ ತಂತಿ ನೋಡಿದವನೇ ಹಿಂದೆ ಸರಿದ. "ಏನಣ್ಣಾ ಇದು, ಉಸಿರು ಬಿಟ್ರೆ ಕಡ್ಕೊಂಡು ಹೋಗುತ್ತೆ." ಆದರೂ ಕೈಮಿಷನ್ನಿಗೆ ಫಾರ್ಮರು ಏರಿಸಿದ. ಪ್ರೈಮರಿ ಮೂರು ಸಾವಿರ ಸುತ್ತಿನ ಆಸುಪಾಸು. ಅರ್ಧ ಪ್ರೈಮರಿ ಸುತ್ತಿ, ಮೇಲೆ ಸೆಕೆಂಡರಿ ಸುತ್ತಿ, ಅದರ ಮೇಲೆ ಉಳಿದರ್ಧ ಪ್ರೈಮರಿ ಬರಬೇಕು, ಇಲ್ಲದಿದ್ದರೆ ತಾರಸ್ಥಾಯಿ ಸೊರಗುತ್ತದೆ ಎಂದು ಮಾವ ಬರೆದಿಟ್ಟಿದ್ದರು. ಅವನು ಪದರಕ್ಕೊಂದು ಕಾಗದ ಹಾಕುತ್ತಾ, ಹೆಬ್ಬೆರಳಿನ ತುದಿಯಲ್ಲೇ ತಂತಿಯ ಎಳೆತ ಅಳೆಯುತ್ತಾ ಸುತ್ತಿದ. ಮೋಟರಿಗೆ ಬಂದವರು ಬೆಂಚಿನ ಮೇಲೆ ಕಾಯುತ್ತಾ ಕೂತಿದ್ದರು, ಒಬ್ಬರೂ ಅವಸರ ಮಾಡಲಿಲ್ಲ.

ಸ್ಟ್ಯಾಂಪಿಂಗ್ ಜೋಡಿಸುವ ಹೊತ್ತಿಗೆ ಅವನಿಗೂ ನನಗೂ ವಾದ ಬಂತು. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಗಡುಗಳು ಇಂಗ್ಲಿಷಿನ ಇ ಮತ್ತು ಐ ಅಕ್ಷರಗಳ ಆಕಾರದಲ್ಲಿ ಇರುತ್ತವೆ. ಅವನಿಗೆ ಅಭ್ಯಾಸ ಇದ್ದದ್ದು ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ ಹೆಣೆದು ಸಂದಿಲ್ಲದ ಹಾಗೆ ಬಿಗಿಯುವುದು. ನಾನು ಎಲ್ಲ ಇಗಳನ್ನೂ ಒಂದೇ ಕಡೆಯಿಂದ ತೂರಿಸು, ಐಗಳನ್ನು ಒಟ್ಟಾಗಿ ಎದುರಿಗಿಡು, ನಡುವೆ ಒಂದು ಕಾಗದ ಇಡು ಅಂದೆ. "ಗ್ಯಾಪ್ ಬಿಟ್ರೆ ಪವರ್ರೇ ಬರಲ್ಲ ಅಣ್ಣಾ" ಅಂದ. ಕರೆಂಟಿನ ಟ್ರಾನ್ಸ್‌ಫಾರ್ಮರಿಗೆ ಅವನ ಮಾತೇ ನಿಜ. ಇಲ್ಲಿ ಮಾತ್ರ ಇಎಲ್ 84ರ 34 ಮಿಲಿಆಂಪು ಡಿಸಿ ಯಾವಾಗಲೂ ಒಂದೇ ದಿಕ್ಕಿಗೆ ಆ ಸುರುಳಿಯಲ್ಲಿ ಹರಿಯುತ್ತಿರುತ್ತದೆ. ಸಂದಿಲ್ಲದ ಕಬ್ಬಿಣ ಅದೊಂದರಿಂದಲೇ ಅಯಸ್ಕಾಂತವಾಗಿ ತುಂಬಿಹೋಗುತ್ತದೆ, ಹಾಡಿಗೆ ಜಾಗ ಉಳಿಯುವುದಿಲ್ಲ, ಮೊದಲು ಸಾಯುವುದು ಮೃದಂಗದ ಎಡಗಡೆ. ಅವನು ಒಪ್ಪಲಿಲ್ಲ. ಎರಡು ಥರವೂ ಮಾಡಿ ಕೇಳೋಣ ಅಂದ. ಮೊದಲು ಅವನ ರೀತಿ ಕಟ್ಟಿ ಕೇಳಿದೆವು, ಆಮೇಲೆ ಬಿಚ್ಚಿ ಮೋಟರು ಸ್ಲಾಟಿಗೆ ಹಾಕುವ ಲೆದರಾಯ್ಡ್ ಪೇಪರು ಕತ್ತರಿಸಿ ನಡುವೆ ಇಟ್ಟು ಕೇಳಿದೆವು. ಹೆಡ್‌ಫೋನು ತಲೆಯಿಂದ ತೆಗೆಯದೆಯೇ "ಇನ್ನೊಂದ್ಸಲ ಹಾಕಿ ಅಣ್ಣಾ, ಅದೇ ಮೃದಂಗದ್ದು" ಅಂದ.

ಧಗೆಯ ದಿನಗಳಲ್ಲಿ ಹಲ್ಲಿಯ ಕಾಟ ಇಲ್ಲ. ಮಾಗಿಯಲ್ಲಿ ಬೆಚ್ಚಗಿನ ಚಾಸಿ ಹುಡುಕಿಕೊಂಡು ಬರುತ್ತದೆ, ಸಾಕೆಟ್ಟಿನ ಎರಡು ಪಿನ್ನುಗಳ ನಡುವೆ ಸಿಕ್ಕಿ ತಾನೂ ಸತ್ತು ಫ್ಯೂಸನ್ನೂ ಸುಡುತ್ತದೆ. ಗಾಳಿಯಾಡುವ ತೂತುಗಳಿಗೆಲ್ಲ ಒಳಗಿನಿಂದ ಸಣ್ಣ ಕಣ್ಣಿನ ತಂತಿಬಲೆ ಬಡಿದ ಮೇಲೆ ಆ ಕಾಟ ನೀಗಿತು. ಭರಣಿ, ಕೃತ್ತಿಕೆ ಮಳೆಗಳ ಗುಡುಗು ಬೇರೆಯೇ ಭಯ. ಸುತ್ತ ಎತ್ತರಕ್ಕೆ ನಿಂತಿರುವುದು ತೆಂಗಿನ ಮರವೇ ಆದ್ದರಿಂದ ಸಿಡಿಲು ಮೊದಲು ಅದನ್ನೇ ಹುಡುಕುತ್ತದೆ, ಸುಳಿ ಸುಟ್ಟ ಮರ ಪ್ರತಿ ತೋಟದಲ್ಲೂ ಒಂದಾದರೂ ಇರುತ್ತದೆ. ಪಡುವಣದಲ್ಲಿ ಮೋಡ ಕಟ್ಟಿದರೆ ಸ್ವಿಚ್ಚು ಆರಿಸಿದರೆ ಸಾಲದು, ಪಿನ್ನನ್ನೇ ಕಿತ್ತಿಡಬೇಕು.

ತಿಪಟೂರಿನ ಗೆಳೆಯರೊಬ್ಬರು ಕಟ್ಟಿದ ಇನ್ನೊಂದು ಸೆಟ್ಟೂ ನನ್ನ ಹತ್ತಿರ ಇದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಇಲ್ಲದ್ದು. ಅದರಲ್ಲಿ ದುಡಿಯುವುದು 6080. ಪವರ್ ಸಪ್ಲೈಗಳ ವೋಲ್ಟೇಜನ್ನು ಹದ್ದುಬಸ್ತಿನಲ್ಲಿಡಲೆಂದು ಹುಟ್ಟಿದ ವಾಲ್ವು ಅದು, ಹೀಟರೊಂದಕ್ಕೇ 2.5 ಆಂಪು ಕುಡಿಯುತ್ತದೆ, ಮಾಗಿಯ ರಾತ್ರಿ ಕೋಣೆ ಬೆಚ್ಚಗಿರುತ್ತದೆ. ಸೆನ್‌ಹೈಸರ್ ಎಚ್‌ಡಿ 600ರಂಥ 300 ಓಮಿನ ಹೆಡ್‌ಫೋನಿಗೆ ಅದು ಸೊಗಸು, 32 ಓಮಿನದಕ್ಕೆ ಒಗ್ಗುವುದಿಲ್ಲ. ಅಲ್ಲಿ ಹೈ ವೋಲ್ಟೇಜಿಗೂ ನನ್ನ ಕಿವಿಗೂ ನಡುವೆ ನಿಂತಿರುವುದು ಒಂದು ಕಂಡೆನ್ಸರು. ಅದು ಸೋರುತ್ತಿಲ್ಲವೆಂದು ಆಗಾಗ ಮೀಟರಿಟ್ಟು ನೋಡುತ್ತೇನೆ, ವಾಲ್ವು ಕಾದು ನೆಲೆಯಾದ ಮೇಲೆಯೇ ಹೆಡ್‌ಫೋನು ಸಿಕ್ಕಿಸುತ್ತೇನೆ.

ವಾಲ್ವಿನ ನಾದ ಇಂಪು ಎಂದು ಬಹಳ ಜನ ಹೇಳುತ್ತಾರೆ. ಅಳತೆಗೆ ನಿಲ್ಲಿಸಿದರೆ ಬೆರಳುಗುರಿನಷ್ಟಿರುವ ಇವತ್ತಿನ ಐಸಿ ಚಿಪ್ ಇದಕ್ಕಿಂತ ಶುದ್ಧ. ಮಾವನ ಸೆಟ್ಟಿನಲ್ಲಿ ಇಎಲ್ 84 ಒಂಟಿಯಾಗಿ ಟ್ರಯೋಡಿನ ರೀತಿ ದುಡಿಯುವುದರಿಂದ ಪ್ರತಿ ಸ್ವರಕ್ಕೂ ಅದರ ಮೇಲಿನ ಸ್ಥಾಯಿಯ ಸ್ವರವನ್ನು ಒಂದಿಷ್ಟು ತಾನೇ ಬೆರೆಸುತ್ತದೆ. ಷಡ್ಜಕ್ಕೆ ಷಡ್ಜವೇ ಸೇರುವುದರಿಂದ ಕಿವಿಗೆ ಅದು ತಪ್ಪೆನಿಸುವುದಿಲ್ಲ, ತುಂಬಿದಂತೆ ಕೇಳುತ್ತದೆ. ಕಾಳಿಂಗರಾಯರ ಹಳೆಯ ಮುದ್ರಿಕೆಗಳಿಗೆ, ಚೌಡಯ್ಯನವರ ಪಿಟೀಲಿಗೆ ಇದು ಚೆನ್ನಾಗಿ ಹೊಂದುತ್ತದೆ. ಮೈಕು ಸರಿಯಿಲ್ಲದ ಕಾಲದಲ್ಲಿ ಸಭೆಯ ಕೊನೆಯವರೆಗೂ ಕೇಳಬೇಕೆಂದು ಪಿಟೀಲಿಗೆ ಏಳು ತಂತಿ ಕಟ್ಟಿ, ಸ್ಥಾಯಿಗೆ ಸ್ಥಾಯಿ ಜೊತೆಗೂಡಿಸಿ ನಾದ ಹಿಗ್ಗಿಸಿದವರು ಅವರು. ಆದರೂ ನಾನು ಈ ಸೆಟ್ಟನ್ನು ಬಿಡದಿರುವುದು ಇಂಪಿಗಾಗಿ ಅಲ್ಲ. ಕೆಟ್ಟರೆ ಯಾಕೆ ಕೆಟ್ಟಿತೆಂದು ತಿಳಿಯುತ್ತದೆ, ತಿಳಿದದ್ದನ್ನು ಇಲ್ಲೇ ಸಿಗುವ ಕೈಗಳಿಂದ ಸರಿಮಾಡಬಹುದು. ನನ್ನ ಮನೆಯ ಇನ್ನಾವ ಎಲೆಕ್ಟ್ರಾನಿಕ್ ವಸ್ತುವಿನ ಬಗ್ಗೆಯೂ ನಾನು ಈ ಮಾತು ಹೇಳಲಾರೆ.

ತಳ ಬಿಚ್ಚುವ ಮುಂಚೆ ಪಿನ್ನು ಕಿತ್ತು ಕಾಯಬೇಕು. ಆರಿಸಿದ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ ಮುನ್ನೂರರ ಹತ್ತಿರದ ವೋಲ್ಟು ಕೂತಿರುತ್ತದೆ, ಮನುಷ್ಯನನ್ನು ಕೊಲ್ಲಲು ಅದು ಸಾಕು. ಅದನ್ನು ಇಳಿಸಲೆಂದೇ ಮಾವ 220 ಕಿಲೋಓಮಿನ ರೆಸಿಸ್ಟರು ಹಾಕಿದ್ದಾರೆ. ಹಾಗಿದ್ದೂ ಮೀಟರು ಸೊನ್ನೆ ತೋರಿಸದೆ ಬೆರಳು ಹಾಕಬಾರದು. ಓಡುವಾಗ ಅಳೆಯಬೇಕಾದರೆ ಕಾಲಿಗೆ ಚಪ್ಪಲಿ, ಎಡಗೈ ಬೆನ್ನ ಹಿಂದೆ. ಕ್ಯಾಥೋಡಿನ 270 ಓಮಿನ ರೆಸಿಸ್ಟರಿಗೆ ಮೀಟರು ಹಿಡಿದಾಗ 9 ವೋಲ್ಟಿನ ಆಸುಪಾಸು ಬಂದರೆ ಆ 34 ಮಿಲಿಆಂಪು ಸರಿಯಾಗಿ ಹರಿಯುತ್ತಿದೆ ಎಂದು ಅರ್ಥ. ಅಳೆದದ್ದನ್ನು ತಾರೀಕು ಹಾಕಿ ಮಾವನ ಪೆನ್ಸಿಲ್ ಅಕ್ಷರದ ಪಕ್ಕದಲ್ಲೇ ಬರೆಯುತ್ತೇನೆ. ಎಡಗಡೆಯ ಇಎಲ್ 84 ವರ್ಷದಿಂದ ವರ್ಷಕ್ಕೆ ಸ್ವಲ್ಪಸ್ವಲ್ಪವೇ ಇಳಿಯುತ್ತಿರುವುದು ಆ ಹಾಳೆಯಲ್ಲಿ ಕಾಣುತ್ತದೆ.

ರಿವೈಂಡಿಂಗ್ ಹುಡುಗ ಈಗ ತನಗೊಂದು ಕಟ್ಟುತ್ತಿದ್ದಾನೆ. ಮಾವನ ಹಾಳೆಯ ಫೋಟೋ ತೆಗೆದುಕೊಂಡ, ಚಾಸಿಯನ್ನು ಪಕ್ಕದ ಬಾಡಿ ಕಟ್ಟುವ ಶೆಡ್ಡಿನಲ್ಲಿ ಮಡಚಿಸಿದ, ಟ್ರಾನ್ಸ್‌ಫಾರ್ಮರು ಮೂರನ್ನೂ ತಾನೇ ಸುತ್ತಿದ. ಅವನ ಕೈಯ ಸುತ್ತು ಮಾವನದಕ್ಕಿಂತ ಒತ್ತಾಗಿದೆ ಎಂದು ಮಾವನಿಗೆ ಹೇಳಿಯೂಬಿಟ್ಟೆ. ಮೊನ್ನೆ ಫೋನು ಬಂತು.

"ಅಣ್ಣಾ, ಹಾಡು ಬಂತು. ಜೊತೆಗೆ ಗುಂಯ್ಯೂ ಐತೆ."

"ಅದರ ಜೊತೆ ಹಾಡು ನೋಡೋಣ. ಗಂಟಲಿಗೆ ಸಿಗುತ್ತಾ?"

ಹಿಂದೆ ಗ್ರೈಂಡರು ಕಿರುಗುಟ್ಟುತ್ತಿತ್ತು. ಅದನ್ನು ನಿಲ್ಲಿಸಲು ಹೇಳಿ ಬಂದು ಹಾಡಿದ. "ಸಿಗುತ್ತೆ ಅಣ್ಣಾ."

"ಹಂಗಾದ್ರೆ ಫಿಲ್ಟರು. ಗುಜರಿದು ಹಾಕಿದ್ದೀಯೇನೋ, ಒಳಗೆ ಒಣಗಿರುತ್ತೆ. 47 ಮೈಕ್ರೋದು ಎರಡು ಹೊಸದು ತರಿಸು, ಇಜೆಡ್ 81 ಮುಂದೆ ಅದಕ್ಕಿಂತ ದೊಡ್ಡದು ಬೇಡ. 450 ವೋಲ್ಟಿಂದೇ ಇರ್ಲಿ. ಸಂತೆ ದಿನ ಬರ್ತೀನಿ, ಇಬ್ರೂ ಕೂತು ಹಾಕೋಣ."